ಬಚ್ಚಲ ನೀರು ಹರಿಯುವ ಹಿತ್ತಲಿಗೆ ಯಾವ ಹೂವಿನ ಗಿಡ?

ಸ್ವಸಹಾಯ ಸಂಘದ ಸಭೆಗೆ ಪಾಠ

ಪಾಠದ ಉದ್ದೇಶ: ಸದಾ ಹಸಿಯಾಗಿರುವ ಹಿತ್ತಲ ನೆಲವನ್ನು ಪರೀಕ್ಷೆ ಮಾಡುವುದು. ಒಮ್ಮೆ ಹಚ್ಚಿದರೆ ಹಲವು ವರ್ಷ ಬಾಳುವ ಹೂವಿನ ಗಿಡಗಳಲ್ಲಿ ಆ ನೆಲಕ್ಕೆ ಒಗ್ಗುವುದನ್ನು ಆರಿಸುವುದು. ಗಿಡಕ್ಕಾಗಿ ಸಂಘದಿಂದ ಸಾಲ ಎತ್ತುವ ಮೊದಲು ಲೆಕ್ಕ ಹಾಕುವುದು.



ನಮ್ಮ ಯಂಕಂಚಿ ಕಡೆ, ಒಟ್ಟಾರೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ತೇವದ ನೆಲದ ಮಾತು ಎತ್ತಿದರೆ ನಗು ಬರಬಹುದು. "ಕುಡಿಯಾಕ ನೀರಿಲ್ಲ, ಇನ್ನ ಹಸಿ ನೆಲ ಎಲ್ಲಿ ತರೂದ್ರಿ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸಿನ ಮಳೆ ಬೀಳುವ ಜಿಲ್ಲೆ ನಮ್ಮದು. ಅದೂ ಹೆಚ್ಚಿನದು ಸೆಪ್ಟೆಂಬರ್ ತಿಂಗಳ ಸುತ್ತಮುತ್ತ.

ಆದರೆ ನಿಮ್ಮ ನಿಮ್ಮ ಮನೆಯ ಹಿಂದೆ ಹೋಗಿ ನೋಡಿ. ಬಚ್ಚಲ ನೀರು ಹೊರಗೆ ಬೀಳುವ ಜಾಗ, ಭಾಂಡೆ ತಿಕ್ಕುವ ಕಲ್ಲಿನ ಸುತ್ತ, ನಳದ ಬುಡ ಬೇಸಿಗೆಯಲ್ಲೂ ಹಸಿಯಾಗಿಯೇ ಇರುತ್ತವೆ. ಐದು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ಎರಡು ಬಕೆಟ್ ಎಂದು ಹಿಡಿದರೂ ದಿನಕ್ಕೆ ಹತ್ತು ಬಕೆಟ್ ನೀರು ಹೊರಗೆ ಹೋಗುತ್ತದೆ. ಬಕೆಟ್ಟಿಗೆ 15 ಲೀಟರ್ ಅಂದರೆ ದಿನಕ್ಕೆ 150 ಲೀಟರ್, ತಿಂಗಳಿಗೆ 4,500 ಲೀಟರ್. ಈ ನೀರನ್ನು ನಾವು ದೂರದಿಂದ ಹೊತ್ತು ತಂದಿರುತ್ತೇವೆ, ಇಲ್ಲವೇ ನಳದ ಮುಂದೆ ಸರತಿ ನಿಂತು ಹಿಡಿದಿರುತ್ತೇವೆ. ಕೊನೆಗೆ ಅದೇ ನೀರು ಹಿತ್ತಲಲ್ಲಿ ಕೆಸರಾಗಿ, ವಾಸನೆ ಬಂದು, ಸೊಳ್ಳೆಗೆ ಮನೆಯಾಗುತ್ತದೆ. ಆನೆಕಾಲು ರೋಗ ಹರಡುವ ಸೊಳ್ಳೆ ಇಂಥ ಹೊಲಸು ನೀರಿನಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಆದ್ದರಿಂದ ಈ ಪಾಠದಲ್ಲಿ ಅಂಗಳದ ಚಂದದ ಜೊತೆಗೆ ಮನೆಮಂದಿಯ ಆರೋಗ್ಯ ಮತ್ತು ಸಂಘದ ದುಡ್ಡಿನ ವಿಚಾರವೂ ಇದೆ.

ಮೊದಲು ನೆಲ ನೋಡಿ, ಆಮೇಲೆ ಗಿಡ ಕೇಳಿ

ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ. ಜಾತ್ರೆಯಲ್ಲಿ, ಸಂತೆಯಲ್ಲಿ ಹೂವು ಅರಳಿದ ಸಸಿ ಕಂಡರೆ ಕೊಂಡು ತರುತ್ತೇವೆ. ಮನೆಗೆ ಬಂದ ಮೇಲೆ ಎಲ್ಲಿ ಹಚ್ಚಬೇಕು ಅಂತ ವಿಚಾರ ಮಾಡುತ್ತೇವೆ. "ಬಚ್ಚಲ ಕಡೆ ಹಚ್ಚು, ನೀರ ಹಾಕೂದು ತಪ್ಪತೈತಿ" ಅಂತ ಅತ್ತೆ ಹೇಳುತ್ತಾರೆ. ಎರಡು ತಿಂಗಳಲ್ಲಿ ಎಲೆ ಹಳದಿಯಾಗಿ ಗಿಡ ಸಾಯುತ್ತದೆ. ಆಗ "ನನ್ನ ಕೈಗುಣ ಚಲೋ ಇಲ್ಲ" ಅನ್ನುತ್ತೇವೆ. ಕೈಗುಣದಲ್ಲಿ ಏನೂ ದೋಷವಿಲ್ಲ. ಗಿಡಕ್ಕೂ ನೆಲಕ್ಕೂ ಹೊಂದಿಕೆಯಾಗಿಲ್ಲ, ಅಷ್ಟೇ.

ನಮ್ಮ ಎರಿ ಮಣ್ಣಿನ ಗುಣ ನಿಮಗೆ ಹೇಳಿಕೊಡಬೇಕಿಲ್ಲ. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸಿಯಾದಾಗ ಉಬ್ಬಿ, ಬಿರುಕೆಲ್ಲ ಮುಚ್ಚಿ, ನೀರು ಕೆಳಗೆ ಇಳಿಯಲು ಬಿಡುವುದಿಲ್ಲ. ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿಕೊಂಡರೆ ಗಾಳಿಗೆ ಜಾಗವಿಲ್ಲದೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಹೀಗಾಗಿ ನೀರಿನ ಮಧ್ಯೆ ನಿಂತ ಗಿಡವೇ ನೀರಿಲ್ಲದಂತೆ ಬಾಡುತ್ತದೆ. ಅದನ್ನು ನೋಡಿ ನಾವು ಮತ್ತೊಂದು ಕೊಡ ನೀರು ಸುರಿಯುತ್ತೇವೆ!

ಗುಂಡಿ ಪರೀಕ್ಷೆ

ಇದಕ್ಕೆ ಖರ್ಚಿಲ್ಲ. ಗಿಡ ಹಚ್ಚಬೇಕೆಂದಿರುವ ಕಡೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆಯಿರಿ. ತುಂಬ ನೀರು ಹಾಕಿರಿ. ಅದು ಇಂಗಿದ ಮೇಲೆ ಸಂಜೆ ಮತ್ತೊಮ್ಮೆ ತುಂಬಿಸಿರಿ. ಈ ಎರಡನೇ ಸಲದ ನೀರು ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂದು ನೋಡಿರಿ.

1. ಮರುದಿನ ಮುಂಜಾನೆಯೂ ಗುಂಡಿಯಲ್ಲಿ ನೀರು ನಿಂತಿದ್ದರೆ ಅದು ಕೆಸರು ನೆಲ, ನಮ್ಮ ಮಾತಿನಲ್ಲಿ ಜವಳು.
2. ರಾತ್ರಿಯೊಳಗೆ ಇಂಗಿ, ತಳದ ಮಣ್ಣು ಮಾತ್ರ ಮೆತ್ತಗೆ ಹಸಿಯಾಗಿದ್ದರೆ ಅದು ತೇವದ ನೆಲ.
3. ಎರಡು ಮೂರು ತಾಸಿನಲ್ಲೇ ಇಂಗಿಹೋದರೆ ಅದು ನೀರು ಬಸಿಯುವ ನೆಲ. ಮಸಾರಿ ಮಣ್ಣು ಇದ್ದಲ್ಲಿ, ಹಳೆಯ ತಿಪ್ಪೆಯ ಜಾಗದಲ್ಲಿ ಹೀಗಿರುತ್ತದೆ.

ಒಂದೇ ಹಿತ್ತಲಲ್ಲಿ ಈ ಮೂರೂ ಸಿಗಬಹುದು. ಬಚ್ಚಲ ಬಾಯಿಯ ಬಳಿ ಕೆಸರು, ನಾಲ್ಕೈದು ಅಡಿ ಆಚೆಗೆ ತೇವ, ಬೇಲಿಯ ಹತ್ತಿರ ಒಣ ನೆಲ. ಆದ್ದರಿಂದ ಗುಂಡಿಯನ್ನು ಒಂದೇ ಕಡೆ ತೆಗೆಯದೆ ಎರಡು ಮೂರು ಕಡೆ ತೆಗೆದು ನೋಡಿರಿ.

ಇನ್ನೊಂದು ಗುರುತು: ನೆಲದ ಮೇಲೆ ಬೆಳ್ಳಗೆ ಉಪ್ಪಿನ ಪುಡಿ ಕಾಣುತ್ತದೆಯೇ? ಕಂಡರೆ ಅದು ಸವಳು. ಡೋಣಿ ನದಿಯ ದಂಡೆಯವರಿಗೂ, ಕಾಲುವೆ ನೀರು ಬಂದ ಮೇಲೆ ತಗ್ಗಿನ ಹೊಲ ಕೆಟ್ಟವರಿಗೂ ಇದರ ಪರಿಚಯವಿದೆ. ಬಟ್ಟೆ ಒಗೆಯುವ ಸೋಡಾ, ಸಾಬೂನು ಪುಡಿಯ ನೀರು ಸದಾ ಒಂದೇ ಕಡೆ ಬಿದ್ದರೆ ಹಿತ್ತಲಲ್ಲೂ ಸವಳು ಆಗುತ್ತದೆ.

ಯಾವ ನೆಲಕ್ಕೆ ಯಾವ ಹೂವು?

ಕೆಸರು ನೆಲಕ್ಕೆ: ಕ್ಯಾನಾ

ಇದನ್ನು ಕನ್ನಡದಲ್ಲಿ ಕಾಬಾಳೆ, ಹೂಬಾಳೆ ಎಂದೂ ಕರೆಯುತ್ತಾರೆ. ಬಾಳೆ ಎಲೆಯಂಥ ಅಗಲವಾದ ಎಲೆ, ಕೆಂಪು, ಹಳದಿ, ಕೇಸರಿ ಬಣ್ಣದ ದೊಡ್ಡ ಹೂವು. ರೈಲು ನಿಲ್ದಾಣ, ಕಚೇರಿ, ಶಾಲೆಗಳ ಮುಂದೆ ನೋಡಿರುತ್ತೀರಿ. ಮೂಲತಃ ಅಮೆರಿಕ ಖಂಡದ ಬಿಸಿ ಪ್ರದೇಶದ ಗಿಡ. ನಮ್ಮ ಬಿಸಿಲನ್ನೂ ತಡೆಯುತ್ತದೆ, ಬುಡದಲ್ಲಿ ನೀರಿದ್ದರೆ ಇನ್ನೂ ಹುಲುಸಾಗಿ ಬೆಳೆಯುತ್ತದೆ. ಇದರ ಕಾಂಡ ಮತ್ತು ಗಡ್ಡೆಯೊಳಗೆ ಗಾಳಿ ಓಡಾಡುವ ಸಣ್ಣ ಕೊಳವೆಗಳಿರುವುದರಿಂದ ಕೆಸರಿನಲ್ಲೂ ಬೇರಿಗೆ ಉಸಿರು ಸಿಗುತ್ತದೆ. ಹೊಲಸು ನೀರಿನಲ್ಲಿರುವ ಸಾರವನ್ನು ಹೀರಿಕೊಂಡು ಬೆಳೆಯುತ್ತದೆ. ಅದಕ್ಕೇ ಬೇರೆ ಬೇರೆ ದೇಶಗಳಲ್ಲಿ ಕೊಳಚೆ ನೀರು ಶುದ್ಧ ಮಾಡುವ ತೋಟಗಳಲ್ಲಿ ಇದನ್ನು ಹಚ್ಚುತ್ತಾರೆ.

ಇದರ ಕೊರತೆಯನ್ನೂ ಹೇಳಬೇಕು. ಹೂವು ಒಂದು ದಿನ ತಾಳುವುದೇ ಹೆಚ್ಚು, ಮಾಲೆಗೆ ಬರುವುದಿಲ್ಲ, ಸಂತೆಯಲ್ಲಿ ಬೆಲೆಯಿಲ್ಲ. ಇದರಿಂದ ಕೈಗೆ ದುಡ್ಡು ಬರುತ್ತದೆಂದು ನಂಬಿ ಹಚ್ಚಬೇಡಿ. ಹಿತ್ತಲು ಸ್ವಚ್ಛವಾಗುತ್ತದೆ, ಬಚ್ಚಲಿಗೆ ಹಸಿರಿನ ಮರೆ ಸಿಗುತ್ತದೆ, ಅದೇ ಇದರ ಲಾಭ.

ತೇವದ ನೆಲಕ್ಕೆ: ಸುಗಂಧರಾಜ

ನಿಶಿಗಂಧ, ರಜನಿಗಂಧ ಎಂದೂ ಕರೆಯುವ ಹೂವು ಇದೇ. ಮೆಕ್ಸಿಕೋ ದೇಶದ ಮೂಲದ್ದು. ಗಡ್ಡೆಯಿಂದ ಬೆಳೆಯುತ್ತದೆ. ಇದಕ್ಕೆ ಹಸಿ ಬೇಕು, ಆದರೆ ನಿಂತ ನೀರು ಆಗುವುದಿಲ್ಲ. ನೀರು ನಿಂತರೆ ಗಡ್ಡೆ ಉಳ್ಳಾಗಡ್ಡಿಯ ಹಾಗೆ ಕೊಳೆಯುತ್ತದೆ. ಆದ್ದರಿಂದ ಕೆಸರಿನಿಂದ ನಾಲ್ಕೈದು ಅಡಿ ದೂರ, ಬೋದು ಏರಿಸಿ ಅದರ ಮೇಲೆ ಹಚ್ಚಬೇಕು. ಹಚ್ಚಿದ ಮೂರು, ಮೂರೂವರೆ ತಿಂಗಳಿಗೆ ಹೂವು ಶುರು. ಒಮ್ಮೆ ಹಚ್ಚಿದರೆ ಮೂರು ವರ್ಷ ಇಡಬಹುದು, ಆಮೇಲೆ ಗಡ್ಡೆ ಕಿತ್ತು ಹೊಸ ಜಾಗಕ್ಕೆ ಹಾಕಬೇಕು. ಬಿಡಿ ಹೂವು ಮಾಲೆಗೆ ಹೋಗುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಶೃಂಗಾರ್, ಪ್ರಜ್ವಲ್ ತಳಿಗಳು ಬಿಡಿ ಹೂವಿಗೆ ಒಳ್ಳೆಯವು. ಇವುಗಳಲ್ಲಿ ಶೃಂಗಾರ್ ಬೇರುಗಂಟು ಹುಳುವಿನ ಕಾಟವನ್ನು ಸಾಕಷ್ಟು ತಡೆದುಕೊಳ್ಳುತ್ತದೆ.

ನೀರು ಬಸಿಯುವ ನೆಲಕ್ಕೆ: ಮಲ್ಲಿಗೆ, ಅಬ್ಬಲಿಗೆ, ಸೇವಂತಿಗೆ

ಈ ಮೂರೂ ಮಾರಾಟದ ಹೂಗಳೇ. ಆದರೆ ಮೂರಕ್ಕೂ ನಿಂತ ನೀರೆಂದರೆ ಆಗದು. ಮಲ್ಲಿಗೆಯ ಎಲೆ ಹಳದಿಯಾಗಿ ಮೊಗ್ಗು ಕಡಿಮೆಯಾಗುತ್ತದೆ. ಅಬ್ಬಲಿಗೆ (ಕನಕಾಂಬರ) ಸೊರಗು ರೋಗ ಬಂದು ಒಮ್ಮೆಲೇ ಬಾಡುತ್ತದೆ. ಸೇವಂತಿಗೆಯ ಬುಡ ಕೊಳೆಯುತ್ತದೆ.

"ಉಡುಪಿ ಕಡೆ ಹೆಣ್ಣುಮಕ್ಕಳು ಅಂಗಳದಾಗಿನ ಮಲ್ಲಿಗಿಂದಾನ ಮನಿ ನಡಸ್ತಾರಂತ, ನಾವೂ ಹಚ್ಚೋಣು" ಅಂತ ಕೆಲವರು ಹೇಳುವುದುಂಟು. ಮಾತು ನಿಜ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಎಷ್ಟೋ ಕುಟುಂಬಗಳಿಗೆ ಮಲ್ಲಿಗೆಯೇ ಆಧಾರ. ಆದರೆ ಅಲ್ಲಿನದು ಜಂಬಿಟ್ಟಿಗೆಯ ಕೆಂಪು ಮಣ್ಣು. ಎಷ್ಟು ಮಳೆ ಬಂದರೂ ನೀರು ಸರ್ರನೆ ಇಳಿದು ಹೋಗುತ್ತದೆ. ಆ ಗಿಡವನ್ನೇ ತಂದು ನಮ್ಮ ಎರಿ ಮಣ್ಣಿನ ಬಚ್ಚಲ ಬಾಯಿಗೆ ಹಚ್ಚಿದರೆ ಬದುಕುವುದು ಕಷ್ಟ. ಮಲ್ಲಿಗೆ ಬೇಕೇ ಬೇಕೆಂದರೆ ಬೇಲಿಯ ಹತ್ತಿರ, ಮಸಾರಿ ಮಣ್ಣು ಮತ್ತು ಗೊಬ್ಬರ ಹಾಕಿ ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿ ಹಚ್ಚಿರಿ. ದಾಸವಾಳವೂ ಅದೇ ಸಾಲಿಗೆ ಬರುತ್ತದೆ.

ಹಚ್ಚಬಾರದ ಎರಡು

ಕಣಗಿಲೆ: ಉಪ್ಪು, ಒಣ, ಹಸಿ ಎಲ್ಲ ತಡೆಯುತ್ತದೆ, ವರ್ಷವಿಡೀ ಹೂವು ಕೊಡುತ್ತದೆ. ಆದರೆ ಎಲೆ, ಹೂವು, ಟೊಂಗೆ ಎಲ್ಲವೂ ವಿಷ. ಆಡು, ಆಕಳು ಕಟ್ಟುವ ಮತ್ತು ಕೂಸುಗಳು ಆಡುವ ಹಿತ್ತಲಲ್ಲಿ ಬೇಡವೇ ಬೇಡ. ಕಡಿದ ಟೊಂಗೆಯನ್ನು ಒಲೆಗೂ ಹಾಕಬೇಡಿ, ಹೊಗೆಯೂ ಕೆಟ್ಟದ್ದು.

ನೇರಳೆ ಹೂವಿನ ಅಂತರಗಂಗೆ: ಕೆರೆ, ಕಾಲುವೆಯಲ್ಲಿ ತೇಲುವ ಈ ಗಿಡ ನೋಡಲು ಚಂದ. ಆದರೆ ಒಮ್ಮೆ ಸೇರಿಕೊಂಡರೆ ನೀರನ್ನೆಲ್ಲ ಮುಚ್ಚಿಬಿಡುತ್ತದೆ, ಅದರ ಕೆಳಗೆ ಸೊಳ್ಳೆ ಬೆಳೆಯುತ್ತದೆ. ಮನೆಗೆ ತರಬೇಡಿ.

ಕ್ಯಾನಾ ಹಚ್ಚುವ ರೀತಿ

ಜಾಗ: ಮನೆಯ ಗೋಡೆಯಿಂದ ಆರೇಳು ಅಡಿಯಾದರೂ ದೂರವಿರಲಿ. ಎರಿ ಮಣ್ಣು ಹಸಿಯಾಗಿ ಉಬ್ಬಿ, ಒಣಗಿ ಕುಗ್ಗಿದರೆ ಪಾಯ ಅಲುಗಿ ಗೋಡೆ ಬಿರುಕು ಬಿಡುತ್ತದೆ. ಬಾವಿ, ಬೋರಿನಿಂದ 30 ಅಡಿಗಿಂತ ದೂರವಿರಬೇಕು. ಶೌಚಾಲಯದ ನೀರನ್ನು ಇದಕ್ಕೆ ಬಿಡಲೇಬಾರದು. ಸ್ನಾನದ ಮತ್ತು ಪಾತ್ರೆ ತೊಳೆದ ನೀರು ಮಾತ್ರ.

ಕಾಲುವೆ: ಹತ್ತು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳ. ನೀರು ಬೀಳುವ ಬಾಯಿಯಲ್ಲಿ ಒಡೆದ ಇಟ್ಟಂಗಿ ಅಥವಾ ಖಡಿ ಹಾಕಿ. ಅನ್ನದ ಅಗುಳು, ಕೂದಲು ಅಲ್ಲೇ ತಡೆಯಲು ಹಳೆಯ ಚೀಲದ ತುಂಡು ಕಟ್ಟಿ. ವಾರಕ್ಕೊಮ್ಮೆ ಅದನ್ನು ತೆಗೆದು ಝಾಡಿಸಿ. ತೆಗೆದ ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಸಿಕ್ಕರೆ ಎರಡು ಬುಟ್ಟಿ ಉಸುಕು ಬೆರೆಸಿ ಮತ್ತೆ ತುಂಬಿ. ಮೇಲೆ ನಾಲ್ಕು ಬೆರಳು ತಗ್ಗು ಉಳಿಯಲಿ.

ಗಡ್ಡೆ: ಎರಡು ಮೂರು ಕಣ್ಣು ಇರುವ, ಗಟ್ಟಿಯಾದ ತುಂಡು ಆರಿಸಿ. ಎಲೆಯ ಮೇಲೆ ಹಳದಿ ಗೆರೆ, ಚುಕ್ಕೆ ಇದ್ದ ಗಿಡದಿಂದ ತರಬೇಡಿ. ಅದು ನಂಜು ರೋಗ, ಗಡ್ಡೆಯ ಮೂಲಕವೇ ಬರುತ್ತದೆ. ಮೂರು ಇಂಚು ಆಳದಲ್ಲಿ, ತುಂಡಿನಿಂದ ತುಂಡಿಗೆ ಎರಡು ಅಡಿ ಬಿಟ್ಟು ಹಚ್ಚಿ. ಹತ್ತು ಅಡಿಗೆ ಆರು ತುಂಡು ಸಾಕು. ಜೂನ್ ತಿಂಗಳ ಮೊದಲ ಮಳೆ ಒಳ್ಳೆಯ ಸಮಯ. ನೀರಿನ ಅನುಕೂಲ ಇದ್ದರೆ ಕಡು ಬೇಸಿಗೆ ಬಿಟ್ಟು ಯಾವಾಗಲಾದರೂ ಸರಿ.

ಆರೈಕೆ: ಮೊದಲ ಮೂರು ವಾರ ಒಳ್ಳೆಯ ನೀರನ್ನೇ ಕೊಟ್ಟು, ಚಿಗುರು ಬಂದ ಮೇಲೆ ಬಚ್ಚಲ ನೀರು ಬಿಡಿ. ಸುಮಾರು ಮೂರು ತಿಂಗಳಿಗೆ ಹೂವು ಬರುತ್ತದೆ. ಹೂವು ಮುಗಿದ ಕಾಂಡವನ್ನು ಬುಡಕ್ಕೇ ಕೊಯ್ದು ತಿಪ್ಪೆಗೆ ಹಾಕಿ, ಪಕ್ಕದಲ್ಲಿ ಹೊಸದು ಏಳುತ್ತದೆ. ಸುರುಳಿಯಾದ ಎಲೆಯೊಳಗೆ ಹುಳು ಇದ್ದರೆ ಕೈಯಿಂದ ಆರಿಸಿ. ಎಲೆಯ ಅಂಚು ಸುಟ್ಟ ಹಾಗೆ ಕಂದಿದರೆ ಉಪ್ಪು ಹೆಚ್ಚಾಗಿದೆ ಎಂದು ತಿಳಿಯಿರಿ. ಸೋಡಾ ನೀರು ಬೇರೆ ಕಡೆ ಚೆಲ್ಲಿ, ವಾರಕ್ಕೊಮ್ಮೆ ಎರಡು ಕೊಡ ಒಳ್ಳೆಯ ನೀರು ಕೊಡಿ, ಗೊಬ್ಬರ ಹಾಕಿ.

ಒಂದು ಎಚ್ಚರಿಕೆ: ವಿಯೆಟ್ನಾಂ ದೇಶದಲ್ಲಿ ಈ ಜಾತಿಯ ಗಡ್ಡೆಯ ಹಿಟ್ಟಿನಿಂದ ಶಾವಿಗೆ ಮಾಡುತ್ತಾರೆ. ಹಾಗಂತ ಬಚ್ಚಲ ನೀರಿನಲ್ಲಿ ಬೆಳೆದ ಗಡ್ಡೆ ತಿನ್ನಬಾರದು, ಎಲೆಯ ಮೇಲೆ ಊಟ ಬಡಿಸಲೂಬಾರದು.

ನೆನಪಿಡಿ: ಗಿಡ ಹಚ್ಚಿದ ಮಾತ್ರಕ್ಕೆ ಸೊಳ್ಳೆ ಹೋಗುವುದಿಲ್ಲ. ನೀರು ನೆಲದ ಮೇಲೆ ನಿಲ್ಲದಿದ್ದರೆ ಮಾತ್ರ ಹೋಗುತ್ತದೆ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ನೀರು ಮೇಲೆ ಕಂಡರೆ ಕಾಲುವೆಯನ್ನು ಇನ್ನೂ ಐದಾರು ಅಡಿ ಉದ್ದ ಮಾಡಿ. ಇಲ್ಲವೇ ಎರಡು ಕಾಲುವೆ ಮಾಡಿ, ಒಂದು ವಾರ ಇದಕ್ಕೆ, ಒಂದು ವಾರ ಅದಕ್ಕೆ ನೀರು ತಿರುಗಿಸಿ. ಇಂಗುಗುಂಡಿಗೆ ಈಗ ಯಾವ ಸಹಾಯ ಸಿಗುತ್ತದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಸಂಘದ ಹೆಸರಿನಲ್ಲೇ ಕೇಳಿರಿ.

ಸಾಲ ಎತ್ತುವ ಮೊದಲು ಲೆಕ್ಕ

ಕ್ಯಾನಾಕ್ಕೆ ಸಾಲ ಬೇಕಿಲ್ಲ. ಒಬ್ಬ ಸದಸ್ಯೆಯ ಮನೆಯಲ್ಲಿ ಆರು ಬುಡ ಚೆನ್ನಾಗಿ ಬೆಳೆದರೆ ಎರಡು ವರ್ಷದೊಳಗೆ ಪ್ರತಿ ಬುಡದಿಂದ ಐದು ತುಂಡು ತೆಗೆಯಬಹುದು. 6 x 5 = 30 ತುಂಡು. ಮನೆಗೆ ಆರರಂತೆ ಐದು ಮನೆಗೆ ಆಯಿತು. ಮೊದಲು ಇಬ್ಬರು ಹಚ್ಚಿದರೆ ಇಡೀ ಸಂಘಕ್ಕೆ ಪುಕ್ಕಟೆ ಗಡ್ಡೆ ಹಂಚಲು ಸಾಕಾಗುತ್ತದೆ.

ಸುಗಂಧರಾಜಕ್ಕೆ ಲೆಕ್ಕ ಬೇಕು. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಕಾಲು ಗುಂಟೆ ಸುಮಾರು 270 ಚದರ ಅಡಿ. ಓಡಾಡುವ ದಾರಿ ಬಿಟ್ಟು ಅಡಿಗೊಂದರಂತೆ 200 ಗಡ್ಡೆ ಹಿಡಿಯುತ್ತದೆ. ಲೆಕ್ಕ ತಿಳಿಯಲೆಂದು ಗಡ್ಡೆಗೆ 3 ರೂಪಾಯಿ ಎಂದು ಇಟ್ಟುಕೊಳ್ಳೋಣ. ನಿಮ್ಮ ಕಡೆಯ ಬೆಲೆ ಕೇಳಿ ಬದಲಿಸಿಕೊಳ್ಳಿ.

ಗಡ್ಡೆ: 200 x 3 = 600 ರೂಪಾಯಿ
ಗೊಬ್ಬರ, ಗಾಡಿ ಬಾಡಿಗೆ: 400 ರೂಪಾಯಿ
ಒಟ್ಟು ಸಾಲ: 1,000 ರೂಪಾಯಿ
ತಿಂಗಳಿಗೆ ನೂರಕ್ಕೆ 2ರಂತೆ ಬಡ್ಡಿ: 20 ರೂಪಾಯಿ

ಮೊದಲ ಹೂವು ಬರುವುದು ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ 60 ರೂಪಾಯಿ ಬಡ್ಡಿಯನ್ನೂ ಅಸಲಿನ ಕಂತನ್ನೂ ಬೇರೆ ದುಡಿಮೆಯಿಂದಲೇ ಕಟ್ಟಬೇಕು. ಇಲ್ಲವೇ ಅಸಲಿನ ಕಂತು ನಾಲ್ಕನೇ ತಿಂಗಳಿನಿಂದ ಶುರುವಾಗುವಂತೆ ಸಭೆಯಲ್ಲಿ ಮೊದಲೇ ಠರಾವು ಮಾಡಿಸಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಇದೇ ಗಡ್ಡೆಗಳನ್ನು ಕೆಸರು ನೆಲಕ್ಕೆ ಹಚ್ಚಿದರೆ ಏನಾಗುತ್ತದೆ? ಮಳೆಗಾಲದಲ್ಲಿ ಗಡ್ಡೆ ಕೊಳೆಯುತ್ತವೆ, ಸಾಲ ಮಾತ್ರ ಕೊಳೆಯದೆ ಹಾಗೇ ಉಳಿಯುತ್ತದೆ. ಕಂತು ತಪ್ಪಿದ ಅಕ್ಕ ಸಭೆಗೆ ಬರಲು ನಾಚುತ್ತಾಳೆ. ಒಂದು ಗುಂಡಿ ತೆಗೆದು ನೋಡಿದ್ದರೆ ಇದೆಲ್ಲ ತಪ್ಪುತ್ತಿತ್ತು.

ಮಾರಾಟದ ವಿಚಾರವನ್ನೂ ಮೊದಲೇ ಮಾಡಿ. ಬಿಡಿ ಹೂವನ್ನು ನಸುಕಿನಲ್ಲೇ ಕೊಯ್ದು ಬಿಸಿಲೇರುವ ಮುಂಚೆ ಮುಟ್ಟಿಸಬೇಕು. ಯಂಕಂಚಿಯಲ್ಲೇ ಎಷ್ಟು ಮನೆಯವರು ದಿನಾ ಹೂವು ಕೊಳ್ಳುತ್ತಾರೆ? ಸಿಂದಗಿಯ ಹೂವಿನವರು ಯಾವ ಹೊತ್ತಿಗೆ ಕೊಳ್ಳುತ್ತಾರೆ? ಐದು ಮನೆಯ ಹೂವನ್ನು ಒಬ್ಬರೇ ಒಯ್ದರೆ ಬಸ್ಸಿನ ಚಾರ್ಜು ಎಷ್ಟು ಉಳಿಯುತ್ತದೆ? ಶ್ರಾವಣ, ಮಹಾನವಮಿ, ದೀಪಾವಳಿಯಲ್ಲಿ ಬೆಲೆ ಏರುತ್ತದೆ, ನಡುವಿನ ದಿನಗಳಲ್ಲಿ ಇಳಿಯುತ್ತದೆ. ಏರಿದ ದಿನದ ಬೆಲೆ ಹಿಡಿದು ಇಡೀ ವರ್ಷದ ಲೆಕ್ಕ ಹಾಕಬೇಡಿ.

ಒಂದು ಚಿಂತನೆ

ಸಂತ ಮತ್ತಾಯರ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಬಿತ್ತುವವನ ಸಾಮತಿ ಹೇಳುತ್ತಾರೆ. ಬೀಜ ಒಂದೇ. ಆದರೆ ಬಿದ್ದ ನೆಲ ದಾರಿಯ ಬದಿಯೋ, ಕಲ್ಲು ನೆಲವೋ, ಮುಳ್ಳಿನ ಮಧ್ಯವೋ, ಹದವಾದ ಭೂಮಿಯೋ ಎಂಬುದರ ಮೇಲೆ ಫಲ ಬೇರೆಯಾಗುತ್ತದೆ. ಹೊಲ ಮಾಡುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ನೆಲ ನೋಡದೆ ಬೀಜವನ್ನು ಬೈಯುವುದೂ ಸರಿಯಲ್ಲ, ನೆಲ ಕೆಟ್ಟದ್ದೆಂದು ಕೈಬಿಡುವುದೂ ಸರಿಯಲ್ಲ. ಮಲ್ಲಿಗೆ ಸಾಯುವ ಕೆಸರಿನಲ್ಲೇ ಕ್ಯಾನಾ ಅರಳುತ್ತದೆ. ಸಂಘದಲ್ಲೂ ಹಾಗೆಯೇ. ಓದು ಬರದ ಅಕ್ಕನಿಗೆ ಪುಸ್ತಕ ಬರೆಯುವ ಕೆಲಸ ಕೊಟ್ಟು "ಆಕಿಗೆ ಏನೂ ಬರೂದಿಲ್ಲ" ಅನ್ನಬಾರದು. ಸಂತೆಯಲ್ಲಿ ಬೆಲೆ ಕುದುರಿಸುವ ಕೆಲಸ ಕೊಟ್ಟು ನೋಡಿರಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಓಣಿಯಲ್ಲಿ ಎಷ್ಟು ಮನೆಗಳ ಬಚ್ಚಲ ನೀರು ರಸ್ತೆಗೆ ಬರುತ್ತದೆ? ಅದರಿಂದ ಯಾರಿಗೆ ತೊಂದರೆ?
2. ಹಿಂದೆ ನಾವು ಹಚ್ಚಿದ ಯಾವ ಹೂವಿನ ಗಿಡ ಸತ್ತಿತು? ಅದನ್ನು ಹಚ್ಚಿದ ನೆಲ ಮೂರರಲ್ಲಿ ಯಾವುದು?
3. ದುಡ್ಡು ಕೊಡದ, ಆದರೆ ಆರೋಗ್ಯ ಕೊಡುವ ಗಿಡಕ್ಕೆ ಸಂಘ ಸಮಯ ಕೊಡಬೇಕೇ? ಏಕೆ?
4. ಹೂವಿನ ಸಾಲಕ್ಕೆ ಕಂತು ಯಾವ ತಿಂಗಳಿನಿಂದ ಶುರುವಾಗಬೇಕು?

ಮುಂದಿನ ಸಭೆಯೊಳಗೆ ಮಾಡುವ ಕೆಲಸ

ಪ್ರತಿಯೊಬ್ಬ ಸದಸ್ಯೆಯೂ ತನ್ನ ಹಿತ್ತಲಲ್ಲಿ ಗುಂಡಿ ಪರೀಕ್ಷೆ ಮಾಡಿ, ಕೆಸರು, ತೇವ, ಬಸಿಯುವ ನೆಲ ಯಾವುದೆಂದು ಹೇಳಬೇಕು. ಬರೆಯಲು ಬರುವವರು ಬಾರದವರದ್ದನ್ನೂ ಬರೆದುಕೊಳ್ಳಿ. ಪರೀಕ್ಷೆ ಮುಗಿದ ಕೂಡಲೇ ಗುಂಡಿ ಮುಚ್ಚಿ, ಕೂಸುಗಳು ಬಿದ್ದಾವು. ನೆಲದ ಮೇಲೆ ಬಿಳಿ ಉಪ್ಪು ಕಂಡವರು ಒಂದು ಸೇರಿನಷ್ಟು ಮಣ್ಣು ಒಣಗಿಸಿ ಚೀಲದಲ್ಲಿ ತನ್ನಿ. ವಿಜಯಪುರದ ಹಿಟ್ಟಿನಹಳ್ಳಿ ಅಥವಾ ಇಂಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ಒಟ್ಟಿಗೆ ವಿಚಾರಿಸಬಹುದು. ಇಬ್ಬರು ಸದಸ್ಯೆಯರು ಸಿಂದಗಿಗೆ ಹೋದಾಗ ಹೂವಿನ ಅಂಗಡಿಯಲ್ಲಿ ಬಿಡಿ ಸುಗಂಧರಾಜದ ಬೆಲೆಯನ್ನೂ, ನರ್ಸರಿಯಲ್ಲಿ ಗಡ್ಡೆಯ ಬೆಲೆಯನ್ನೂ ಕೇಳಿಕೊಂಡು ಬನ್ನಿ. ಆ ಎರಡು ಬೆಲೆ ಕೈಯಲ್ಲಿ ಬಂದ ಮೇಲೆಯೇ ಸಾಲದ ಮಾತು ಎತ್ತೋಣ.